ಪಾಳುಗಾಲುವೆಯ ಏರಿಯನ್ನು ಓದಿದ ಬಗೆ

ಹಂಪಿಯ ಸುತ್ತಲಿನ ವಿಜಯನಗರ ಕಾಲದ ಕಾಲುವೆಗಳಲ್ಲಿ ತುರ್ತಾ ಕಾಲುವೆಯಂಥವು ಇಂದಿಗೂ ಗದ್ದೆ, ಬಾಳೆತೋಟಗಳಿಗೆ ನೀರುಣಿಸುತ್ತಿವೆ. ಅವುಗಳ ನಡುವೆಯೇ ಜಾಲಿ ಬೆಳೆದು ಪಾಳುಬಿದ್ದ ಕವಲುಗಳೂ ಇವೆ. ಅಂಥದೊಂದು ಕವಲಿನ ಹೂಳೆತ್ತುವ ಮುನ್ನ, ಅಲ್ಲಿ ಯಾವ ಪುರಾತತ್ವ ಅವಶೇಷಗಳು ಉಳಿದಿರಬಹುದೆಂದು ಅಂದಾಜಿಸುವ ಕೆಲಸ ನನಗೆ ಒಪ್ಪಿಸಲ್ಪಟ್ಟಿತ್ತು.

ಮೊದಲು ಗ್ರಾಮನಕ್ಷೆ, ಪ್ರಕಟಿತ ಶಾಸನಪಾಠ ಹಾಗೂ ಅಮೆರಿಕದ ‘ಕರೋನಾ’ ಬೇಹುಗಾರಿಕೆ ಉಪಗ್ರಹಗಳು 1960ರ ದಶಕದಲ್ಲಿ ತೆಗೆದ ಚಿತ್ರಗಳನ್ನು ಜೋಡಿಸಿ ಕಾಲುವೆಯ ಹಳೆಯ ಜಾಡನ್ನು ಗುರುತಿಸಿಕೊಂಡೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಎಂಬ, ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಗಡಿಗಳನ್ನೂ ಅದೇ ನಕ್ಷೆಯಲ್ಲಿ ಎಳೆದೆ.

ಎಂಜಿನಿಯರುಗಳ ಗಮನವೆಲ್ಲ ಕಾಲುವೆಯ ತಳದ ಮೇಲಿತ್ತು. ಆದರೆ ತಲೆಮಾರುಗಳಿಂದ ಹೂಳೆತ್ತಿಸಿಕೊಂಡ ತಳದಲ್ಲಿ ಹಳೆಯ ಪದರಗಳು ಉಳಿಯುವುದು ಅಪರೂಪ. ಎತ್ತಿದ ಹೂಳು, ಅದರೊಡನೆ ಬಂದ ಮಡಕೆ ಚೂರು, ಗಾರೆಯ ಹೆಂಟೆ ಎಲ್ಲವೂ ಪಕ್ಕದ ಏರಿಯ ಮೇಲೆ ಬಿದ್ದಿರುತ್ತವೆ. ಆ ಏರಿಯ ಅಡಿಯಲ್ಲಿ ಕಾಲುವೆ ತೋಡುವುದಕ್ಕೂ ಹಿಂದಿನ ನೆಲ ಮುಚ್ಚಿಕೊಂಡು ಭದ್ರವಾಗಿರುತ್ತದೆ. ಕುಡುತಿನಿಯಲ್ಲಿರುವಂಥ ನವಶಿಲಾಯುಗದ ಬೂದಿದಿಬ್ಬಗಳಿರುವ (ಸುಟ್ಟ ಸಗಣಿಯ ಬೂದಿಯ ದಿಬ್ಬಗಳು) ಬಳ್ಳಾರಿ ಸೀಮೆಯಲ್ಲಿ ಈ ಹಳೆಯ ನೆಲವನ್ನು ಹಗುರವಾಗಿ ಕಾಣುವಂತಿಲ್ಲ. ಜೆಸಿಬಿ ಓಡಾಡಲು ದಾರಿ ಬೇಕೆಂದು ಮೊದಲು ಸಮತಟ್ಟು ಮಾಡುವುದು ಇದೇ ಏರಿಯನ್ನು ಎಂಬುದು ನನ್ನ ಆತಂಕಕ್ಕೆ ಕಾರಣವಾಗಿತ್ತು.

ಉತ್ಖನನಕ್ಕೆ ಪ್ರತ್ಯೇಕ ಪರವಾನಗಿ ಬೇಕಾದ್ದರಿಂದ ಈ ಹಂತದಲ್ಲಿ ಎಲ್ಲಿಯೂ ಅಗೆಯಲಿಲ್ಲ. ಮಳೆಯ ನೀರು ಏರಿಯನ್ನು ಕೊರೆದ ಕಡೆಗಳಲ್ಲಿ ಸೀಳನ್ನು ಕೆರೆದು ಶುಚಿಗೊಳಿಸಿ ಪದರಗಳನ್ನು ಚಿತ್ರಿಸಿಕೊಂಡೆ. ತೂಬು, ನೀರು ಹರಿಸುವ ಕಲ್ಲಿನ ದೋಣಿ, ಅಡ್ಡದಾರಿಯ ಹಾಸುಗಲ್ಲುಗಳಿದ್ದಲ್ಲಿ ಹೆಚ್ಚು ಹೊತ್ತು ನಿಂತೆ. ಕಲ್ಲು ಸೀಳಲು ಕೊರೆದ ಗುಳಿಗಳು ಅಲ್ಲಿ ಬಹಳ ಹೇಳುತ್ತವೆ: ಚೌಕನೆಯ ಬೆಣೆಗುಳಿಗಳ ಸಾಲು ವಿಜಯನಗರದ ಕೈಕೆಲಸದತ್ತ ಬೊಟ್ಟು ಮಾಡಿದರೆ, ದುಂಡನೆಯ ಡ್ರಿಲ್ ಗುರುತು ಇತ್ತೀಚಿನ ದುರಸ್ತಿಯದು. ಆದರೆ ಹಳೆಯ ಕಲ್ಲನ್ನೇ ಕಿತ್ತು ಹೊಸ ಗೋಡೆಗೆ ಕಟ್ಟಿರುವುದೂ ಉಂಟು. ಆದ್ದರಿಂದ ಗಾರೆಯನ್ನೂ ಕಲ್ಲು ಜೋಡಿಸಿದ ವರಸೆಯನ್ನೂ ನೋಡದೆ ಕಾಲ ನಿರ್ಧರಿಸಲಿಲ್ಲ.

ವರದಿಯಲ್ಲಿ ಕಾಲುವೆಯನ್ನು ಅವಶೇಷಗಳು ಉಳಿದಿರುವ ಸಂಭಾವ್ಯತೆಗೆ ತಕ್ಕಂತೆ ತುಂಡುಗಳಾಗಿ ವಿಂಗಡಿಸಿ, ತಳದ ಬಹುಭಾಗದಲ್ಲಿ ನಿಗಾ ಇಟ್ಟು ಯಂತ್ರ ಬಳಸಬಹುದೆಂದೂ, ತೂಬುಗಳ ಬಳಿ ಕೈಯಿಂದಲೇ ಹೂಳು ತೆಗೆಯಬೇಕೆಂದೂ ಬರೆದೆ. ಯಂತ್ರದ ದಾರಿಯನ್ನು ಏರಿಯಿಂದ ಬಿಡಿಸಿ, ಆಗಲೇ ಹಲವು ಬಾರಿ ಉತ್ತು ಕದಡಿದ್ದ ಎದುರು ದಡದ ಹೊಲದಂಚಿಗೆ ಸರಿಸಬೇಕೆಂಬ ಸಲಹೆಗೆ ಮಾತ್ರ ಬಹಳ ಚರ್ಚೆ ನಡೆಯಿತು. ಬೆಳೆ ಕೊಯ್ಲಾದ ಮೇಲೆ ದಾರಿ ಬಿಡಲು ರೈತರು ಒಪ್ಪಿದ್ದರಿಂದ ಅದು ಅಂತಿಮ ನಕ್ಷೆಗೆ ಸೇರಿತು.