ಎಐ ಶುರು ಮಾಡುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದು ಹದಿನಾಲ್ಕು ಮಷಿನ್‌ಗಳ ಜೀನ್ಸ್ ಯುನಿಟ್. ಕಟಿಂಗನ್ನು ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ, ಲೆಕ್ಕ ಮತ್ತು ವಾಟ್ಸಾಪ್ ನನ್ನದು. ಕೇಳಿದ್ದನ್ನು ಬರೆದುಕೊಡುವ ಎಐ, ಚಾಟ್‌ಜಿಪಿಟಿ, ಬಂದದ್ದು 2022ರ ನವೆಂಬರಿನಲ್ಲಿ. ನಾನು ಅದನ್ನು ಕೆಲಸಕ್ಕೆ ಹಚ್ಚಿದ್ದು ತುಂಬಾ ತಡವಾಗಿ. ನೀವೂ ಶುರು ಮಾಡುವುದಿದ್ದರೆ ಆ್ಯಪ್ ಆಮೇಲೆ, ಮೊದಲು ಒಂದು ನೋಟ್‌ಬುಕ್ ಹಿಡಿಯಿರಿ.

ಯಾವ ಬರೆಯುವ ಕೆಲಸಕ್ಕೆ ಎಷ್ಟು ಹೊತ್ತು ಹೋಗುತ್ತದೆ ಅಂತ ಒಂದು ವಾರ ಗುರುತು ಹಾಕಿ. ನನಗೆ ಎದ್ದು ಕಂಡದ್ದು ಹೊಸ ಮಾಲಿನ ವಿವರ. ಒಂದೇ ಪ್ಯಾಂಟಿನ ಬಗ್ಗೆ ಹೈದರಾಬಾದಿಗೆ ತೆಲುಗಿನಲ್ಲಿ, ಸೋಲಾಪುರಕ್ಕೆ ಹಿಂದಿಯಲ್ಲಿ, ಇಲ್ಲಿನವರಿಗೆ ಕನ್ನಡದಲ್ಲಿ. ದಿನಕ್ಕೆ ಒಂದೂವರೆ ತಾಸು! ಅದೊಂದನ್ನೇ ಎಐಗೆ ಕೊಟ್ಟೆ. ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ಲಾಭ ಯಾವುದರಿಂದ ಬಂತು ಅಂತ ತಿಳಿಯುವುದೇ ಇಲ್ಲ.

ಮೊದಲ ದಿನ ‘ಜೀನ್ಸ್ ಬಗ್ಗೆ ಚೆನ್ನಾಗಿ ಬರೆ’ ಅಂದೆ. ‘ನೂರಕ್ಕೆ ನೂರು ಕಾಟನ್, ಎಕ್ಸ್‌ಪೋರ್ಟ್ ಕ್ವಾಲಿಟಿ’ ಅಂತ ಬರೆದು ಕೊಟ್ಟಿತು. ನಮ್ಮದರಲ್ಲಿ ಲೈಕ್ರಾ, ಅಂದರೆ ಹಿಗ್ಗುವ ನೂಲು ಇದೆ, ಅಲ್ವಾ? ಎಐ ಮುಂದಿನ ಪದ ಯಾವುದಿರಬಹುದು ಅಂತ ಊಹಿಸಿ ಪೋಣಿಸುತ್ತದೆ, ನಮ್ಮ ಬಟ್ಟೆ ಮುಟ್ಟಿ ನೋಡಿಲ್ಲ. ಈಗ ಹೀಗೆ ಕೊಡುತ್ತೇನೆ: ‘11 ಔನ್ಸ್ ಡೆನಿಮ್, ಕಾಟನ್ 98, ಲೈಕ್ರಾ 2, ಸೊಂಟ 28ರಿಂದ 36, ಸ್ಟೋನ್ ವಾಶ್, ಸೆಟ್‌ಗೆ ಐದು ಪೀಸ್. ಅಂಗಡಿಯವರಿಗೆ, ನಾಲ್ಕು ಸಾಲು. ನಾನು ಹೇಳದ್ದನ್ನು ಸೇರಿಸಬೇಡ.’ ತೆಲುಗಿನದನ್ನು ನಮ್ಮ ಟೈಲರ್ ಒಬ್ಬರಿಗೆ ಓದಿಸಿಯೇ ಕಳಿಸುತ್ತೇನೆ.

ಫೋಟೊದಲ್ಲಿ ಕೈ ಸುಟ್ಟುಕೊಂಡೆ. ಎಐ ಬಿಡಿಸಿದ ಹುಡುಗನಿಗೆ ನಾನು ಫೋಟೊದಲ್ಲಿ ನಮ್ಮ ಪ್ಯಾಂಟ್ ತೊಡಿಸಿದೆ. ವಾಶಿನ ಬಣ್ಣ ತಿಳಿಯಾಯಿತು, ಇಲ್ಲದ ಹೊಲಿಗೆಯೂ ಬಂತು. ಎಂಟು ಸೆಟ್ ವಾಪಸ್, ಎರಡೂ ಕಡೆಯ ಲಾರಿ ಬಾಡಿಗೆ ನನ್ನ ತಲೆಗೆ. ಈಗ ಫೋಟೊ ಮಾಳಿಗೆ ಬಿಸಿಲಿನಲ್ಲಿ ನನ್ನ ಫೋನಿನಿಂದಲೇ. ಎಐ ಬರೀ ಹಿಂದಿನ ಗೋಡೆ ಒರೆಸಿ ಕೊಡುತ್ತದೆ.

ಜಿಎಸ್‌ಟಿ ಕೇಳಿದಾಗ ಹಳೇ ದರ ಹೇಳಿತು: ಪೀಸ್ 1000 ರೂಪಾಯಿ ದಾಟಿದರೆ ಶೇ. 12. ಆದರೆ 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗೂ ಶೇ. 5, ಅದರ ಮೇಲೆ ಶೇ. 18. ಹಳೇ ಓದಿನ ಮೇಲೆ ನಿಂತಿದೆ, ಪಾಪ. ದರದ ಮಾತು ಆಡಿಟರ್ ಹತ್ತಿರವೇ ಇರಲಿ. ಗಿರಾಕಿಗಳ ನಂಬರು, ಬಾಕಿ ಪಟ್ಟಿ ಅದರಲ್ಲಿ ಹಾಕಲೇಬೇಡಿ.

ತಿಂಗಳಾದ ಮೇಲೆ ಅದೇ ಕೆಲಸದ ಹೊತ್ತನ್ನು ಮತ್ತೆ ಬರೆಯಿರಿ, ತಿದ್ದುವ ಹೊತ್ತನ್ನೂ ಸೇರಿಸಿ. ನನ್ನದು ನಲವತ್ತು ನಿಮಿಷಕ್ಕೆ ಇಳಿಯಿತು. ಉಳಿದ ಐವತ್ತು ನಿಮಿಷ ಎಲ್ಲಿ ಹೋಯಿತು ಅಂತಲೂ ಬರೆಯಿರಿ, ಲಾಭ ಇರುವುದು ಅಲ್ಲಿ. ಮೊದಲ ತಿಂಗಳು ನನ್ನದು ಸುಮ್ನೆ ರೀಲ್ಸ್ ನೋಡುವುದಕ್ಕೆ ಹೋಗಿತ್ತು. ಈಗ ಆ ಹೊತ್ತಿನಲ್ಲಿ ಬಾಕಿದಾರರಿಗೆ ಫೋನ್ ಮಾಡುತ್ತೇನೆ. ದಸರಾ ಮಾಲಿನ ಎರಡು ಹಳೇ ಬಾಕಿ ಹೋದ ವಾರ ಬಂದವು.