ಜೈಲಿನಿಂದ ಖೋಲಿಗೆ: ಮೊದಲು ಮನೆ ಅಳೆಯಿರಿ

ಜಾಮೀನಿನ ಆರ್ಡರ್ ಬಂತು ಅಂತ ಪೇಢಾ ಹಂಚಿದವರನ್ನು ತುಂಬ ನೋಡಿದ್ದೇನೆ. ಹದಿನೈದು ದಿನವಾದರೂ ಹುಡುಗ ತಳೋಜಾ ಜೈಲಿನಲ್ಲೇ ಇರುತ್ತಾನೆ. ಇಲ್ಲವೇ ಮನೆಗೆ ಬಂದ ವಾರದಲ್ಲೇ ಷರತ್ತು ಮುರಿದ ಅಂತ ನೋಟಿಸ್ ಬರುತ್ತದೆ. ಮುಂಬೈಯ ನಮ್ಮ ಜನರ ಜೊತೆ ಕೋರ್ಟು, ಜೈಲು ಅಂತ ಓಡಾಡಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಆರ್ಡರ್ ಪ್ರತಿ ಕೈಗೆ ತೆಗೆದುಕೊಳ್ಳಿ. ಒಂದೊಂದು ಷರತ್ತನ್ನೂ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ವಕೀಲರಿಲ್ಲವೇ? ಜೈಲಿನಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಕೇಳುವುದಿಲ್ಲ. 15100ಕ್ಕೆ ಫೋನ್ ಮಾಡಿ.

ಎರಡನೆಯದು ಜಾಮೀನುದಾರ. ಅಣ್ಣ ಯಾದಗಿರಿಯಲ್ಲಿದ್ದಾನೆ, ಹೊಲವೂ ಅಲ್ಲೇ ಇದೆ, ಇಲ್ಲಿ ನಡೆಯುವುದಿಲ್ಲ ಅಂತ ಕೈಚೆಲ್ಲಬೇಡಿ. 1978ರ ಮೋತಿರಾಮ್ ಪ್ರಕರಣದಲ್ಲಿ ಒಬ್ಬ ಬಡ ಗೌಂಡಿಯ ಅಣ್ಣನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಜಾಮೀನು ತಿರಸ್ಕರಿಸಿದ್ದರು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. 2023ರ ಜನವರಿಯಲ್ಲೂ ಸ್ಥಳೀಯ ಜಾಮೀನಿಗೇ ಪಟ್ಟು ಹಿಡಿಯಬೇಡಿ ಎಂದಿತು. ಆರ್ಡರ್ ಆಗಿ ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ನೋಡಬಹುದು ಅಂತಲೂ ಹೇಳಿತು. ಇದನ್ನು ವಕೀಲರಿಗೆ ನೆನಪಿಸಿ. ಕೋರ್ಟಿನ ಹೊರಗೆ ಬಾಡಿಗೆಗೆ ಸಿಗುವ ಜಾಮೀನುದಾರರ ಹತ್ತಿರ ಸುಳಿಯಲೇಬೇಡಿ. ಅವರ ಕಾಗದ ನಕಲಿಯಾದರೆ ನಿಮ್ಮ ಮೇಲೆ ಹೊಸ ಕೇಸು.

ಈಗ ಎಲ್ಲರೂ ಎಡವುವ ಜಾಗ: ಮನೆ. ನಮ್ಮವರ ಆಧಾರ್ ಊರಿನದು, ಖೋಲಿ ಧಾರಾವಿಯದು. ಪೊಲೀಸರು ವಿಳಾಸ ನೋಡಲು ಬಂದರೆ ಖೋಲಿ ಯಾರ ಹೆಸರಿನಲ್ಲಿದೆ? ಲೀವ್ ಅಂಡ್ ಲೈಸೆನ್ಸ್ (ಬಾಡಿಗೆ ಕರಾರು) 11 ತಿಂಗಳಿನದಾದರೆ ಮುಗಿಯುವ ತಾರೀಖು ನೋಡಿ. ಮಾಲೀಕರಿಗೆ ಮುಂಚೆಯೇ ಹೇಳಿ. ಪೊಲೀಸರ ಬಾಯಿಂದ ಗೊತ್ತಾದರೆ ಅವರು ಖೋಲಿ ಖಾಲಿ ಮಾಡಿ ಅನ್ನುತ್ತಾರೆ.

ಆಮೇಲೆ, ‘ಮನೆಯಲ್ಲೇ ಇರಬೇಕು’ ಅಂತ ಬರೆದಿದ್ದರೆ ಮನೆ ಅಂದರೆ ಎಲ್ಲಿವರೆಗೆ? ಹತ್ತಕ್ಕೆ ಹತ್ತರ ಖೋಲಿ. ನಳ ಗಲ್ಲಿಯ ಬಾಯಿಯಲ್ಲಿ, ಸಂಡಾಸ್ ಗಲ್ಲಿಯ ಆ ಕೊನೆಯಲ್ಲಿ. ನನಗೆ ಗೊತ್ತಿದ್ದ ಒಬ್ಬರಿಗೆ ರಾತ್ರಿ ಮನೆ ಬಿಡಬಾರದು ಎಂಬ ಷರತ್ತಿತ್ತು. ಹವಾಲ್ದಾರ್ ಬಂದಾಗ ಅವರು ಡಬ್ಬ ಹಿಡಿದು ಸಾಲಿನಲ್ಲಿ ನಿಂತಿದ್ದರು. ಕಾಗದದಲ್ಲಿ ಬಿದ್ದದ್ದು ‘ಮನೆಯಲ್ಲಿರಲಿಲ್ಲ’. ಸರಿಪಡಿಸಲು ಮೂರು ತಾರೀಖು ಓಡಾಡಿದೆವು.

ಹಾಗಾಗಿ ನಾನು ಟೇಪು ಹಿಡಿದೇ ಹೋಗುತ್ತೇನೆ. ಬಾಗಿಲಿನಿಂದ ಸಂಡಾಸಿಗೆ ಎಷ್ಟು, ನಳಕ್ಕೆ ಎಷ್ಟು, ನೀರು ಬರುವ ಹೊತ್ತು ಯಾವುದು, ಆಸ್ಪತ್ರೆ ಯಾವುದು, ಎಲ್ಲ ಒಂದು ಹಾಳೆಯಲ್ಲಿ ಬರೆದು ವಕೀಲರಿಗೆ ಕೊಡುತ್ತೇನೆ. ಇವನ್ನು ಷರತ್ತಿನಲ್ಲೇ ಸೇರಿಸಲು ಕೇಳಿ. ಇದೇನು ಅತಿಯಲ್ಲ. 2022ರ ನವೆಂಬರಿನಲ್ಲಿ ಹೋರಾಟಗಾರ ಗೌತಮ್ ನವಲಖಾ ಅವರನ್ನು ತಳೋಜಾದಿಂದ ನವಿ ಮುಂಬೈಯ ಮನೆಯೊಂದಕ್ಕೆ ಗೃಹಬಂಧನಕ್ಕೆ ಕಳಿಸಿದಾಗ ಕ್ಯಾಮೆರಾ, ದಿನಕ್ಕೆ 10 ನಿಮಿಷದ ಫೋನು, ಪೊಲೀಸರ ಜೊತೆ ವಾಕಿಂಗು, ಎಲ್ಲವನ್ನೂ ಆರ್ಡರಿನಲ್ಲೇ ಬರೆದಿದ್ದರು. ವಾಕಿಂಗ್ ಬರೆಯಬಹುದಾದರೆ ಸಂಡಾಸ್ ಬರೆಯಬಾರದೇ?

ಫೋನ್ ವಿಷಯ. ಕೋರ್ಟಿಗೆ ಕೊಟ್ಟ ನಂಬರ್ ಒಂದೇ ಇರಲಿ, ರಿಚಾರ್ಜ್ ತಪ್ಪದಿರಲಿ. ಫುಟ್‌ಪಾತಿನಲ್ಲಿ ಸಿಗುವ ಹಳೇ ಫೋನ್ ಸುಮ್ನೆ ದಂಡ. ಮಧ್ಯಾಹ್ನಕ್ಕೇ ಬ್ಯಾಟರಿ ಸತ್ತುಹೋಗುತ್ತದೆ, ಠಾಣೆಯವರಿಗೆ ಸ್ವಿಚ್ ಆಫ್ ಬರುತ್ತದೆ. ಗೂಗಲ್ ಮ್ಯಾಪಿನಲ್ಲಿ ಸದಾ ಜಾಗ ತೋರಿಸುತ್ತಿರಬೇಕು ಎಂಬ ಷರತ್ತಿದ್ದರೆ ವಕೀಲರಿಗೆ ತಿಳಿಸಿ. ಅಂಥದ್ದನ್ನು ಹಾಕಬಾರದು ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೆಗೆಸುವವರೆಗೆ ಮಾತ್ರ ಪಾಲಿಸಲೇಬೇಕು.

ಬಿಡುಗಡೆಯ ದಿನ ಹೆಚ್ಚು ಕೆಲಸವಿಲ್ಲ. ಆರ್ಥರ್ ರೋಡ್ ಜೈಲಿಗೆ ಆರ್ಡರ್ ಸಂಜೆಯ ಹೊತ್ತು ಮೀರಿ ತಲುಪಿದರೆ ಮರುದಿನವೇ. ಅದಕ್ಕೇ ರಿಕ್ಷಾ ಮುಂಚೆ ಹಿಡಿದು ಕಾಯಿಸಬೇಡಿ.

ಮನೆಗೆ ಬಂದ ಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ಠಾಣೆಯ ಹಾಜರಿ, ಹವಾಲ್ದಾರ್ ಬಂದ ಹೊತ್ತು, ಆಸ್ಪತ್ರೆಯ ಚೀಟಿ ಅದರಲ್ಲೇ ಇರಲಿ. ಬಿಡಿ ಹಾಳೆ ಬೇಡ, ಮಳೆಗಾಲದಲ್ಲಿ ಖೋಲಿ ಸೋರುತ್ತದೆ. ಊರಿನ ಜಾತ್ರೆಗೋ ತಂಗಿಯ ಮದುವೆಗೋ ಹೋಗಬೇಕಾದರೆ ಲಗ್ನಪತ್ರಿಕೆ ಅಚ್ಚಾದ ದಿನವೇ ಅರ್ಜಿ ಹಾಕಿ. ಅರಿಶಿನದ ಹಿಂದಿನ ದಿನ ಹಾಕಿದವರು ಮದುವೆಯನ್ನು ವಿಡಿಯೋ ಕಾಲಿನಲ್ಲಿ ನೋಡಿದರು.