ಕುದಿಸಿದರೂ ಹೋಗದ ವಿಷ: ಮರುವಾಯಿಯಿಂದ ನರದವರೆಗೆ

ದಾವಣಗೆರೆಗೆ ಕಡಲು ದೂರ. ಆದರೂ ಮಂಗಳೂರು ಕಡೆ ಟ್ರಿಪ್ ಹೋದ ಮೀನುಪ್ರಿಯರು ಮರುವಾಯಿ (ಕಪ್ಪೆಚಿಪ್ಪು) ಸುಕ್ಕದ ರುಚಿ ನೋಡದೆ ವಾಪಸ್ ಬರುವುದು ಕಮ್ಮಿ, ಅಲ್ವಾ? ತಿನ್ನಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಅಪರೂಪಕ್ಕೊಮ್ಮೆ ಈ ಚಿಪ್ಪಿನ ಮಾಂಸ ವಿಷವಾಗುತ್ತದೆ. 1983ರಲ್ಲಿ ಮಂಗಳೂರಿನ ಹತ್ತಿರವೇ ಹಾಗಾಗಿತ್ತು. ಆ ವಿಷ ಮೈಯೊಳಗೆ ಏನು ಮಾಡುತ್ತದೆ? ಒಂದೊಂದೇ ಹೆಜ್ಜೆ ನೋಡೋಣ.

ಮೊದಲ ಹೆಜ್ಜೆ ಕಡಲಲ್ಲೇ. ವಿಷ ಮರುವಾಯಿಯದ್ದಲ್ಲ, ಬರಿಗಣ್ಣಿಗೆ ಕಾಣದ ಪಾಚಿಯದ್ದು. ಅಲೆಕ್ಸಾಂಡ್ರಿಯಂ ಅಂಥದ್ದೊಂದು. ಮರುವಾಯಿ ನೀರು ಸೋಸಿ ಪಾಚಿ ತಿನ್ನುತ್ತದೆ. ಪಾಚಿ ಜಾಸ್ತಿಯಾದಾಗ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಅದರ ಮಾಂಸದಲ್ಲಿ ಸೇರಿಕೊಳ್ಳುತ್ತದೆ. ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗುವುದಿಲ್ಲ.

ಎರಡನೆಯದು ಅಡುಗೆಮನೆ. ಇಲ್ಲಿ ಏನೂ ಆಗುವುದಿಲ್ಲ, ಅದೇ ತೊಂದರೆ. ಕುದಿಸಿ, ಹುರಿಯಿರಿ, ಹುಳಿ ಹಿಂಡಿ, ವಿಷ ಜಗ್ಗುವುದಿಲ್ಲ.

ಮೂರನೆಯದು ನರಕೋಶ. ಇದನ್ನು ನಿಧಾನವಾಗಿ ಓದಿ. ನರಕೋಶದ ಗೋಡೆ ತುಂಬ ಸಣ್ಣ ಸಣ್ಣ ತೂಬುಗಳಿವೆ. ಒಂದು ತೂಬು ತೆರೆದರೆ ಹೊರಗಿನ ಸೋಡಿಯಂ ಒಳಗೆ ನುಗ್ಗುತ್ತದೆ. ಆ ಹೊಡೆತಕ್ಕೆ ಪಕ್ಕದ ತೂಬು ತೆರೆಯುತ್ತದೆ. ಸುದ್ದಿ ಹೀಗೇ ಮುಂದೆ ಸಾಗುತ್ತದೆ. ಸ್ಯಾಕ್ಸಿಟಾಕ್ಸಿನ್ ಬಂದು ತೂಬಿನ ಹೊರಬಾಯಿಗೆ ಬಿರಡೆಯ ಹಾಗೆ ಕೂರುತ್ತದೆ. ಭದ್ರಾ ನಾಲೆಯಲ್ಲಿ ಮೇಲೆ ನೀರು ನಿಂತರೆ ಕೊನೆ ಭಾಗದ ಗದ್ದೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾ? ಮಿದುಳು ಹೇಳಿದ್ದು ಸ್ನಾಯುವಿಗೆ ಮುಟ್ಟುವುದೇ ಇಲ್ಲ. ತುಟಿ, ನಾಲಿಗೆ ಜುಮ್ಮೆನ್ನುತ್ತವೆ. ಆಮೇಲೆ ಬೆರಳ ತುದಿ. ಕೈಕಾಲು ಸೋಲುತ್ತವೆ. ವಿಷ ಹೆಚ್ಚಿದ್ದರೆ ಉಸಿರಾಟದ ಸ್ನಾಯುವೂ ನಿಲ್ಲುತ್ತದೆ. ಎಚ್ಚರ ಮಾತ್ರ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನನಗೆ ಅದೇ ಭಯ ಹುಟ್ಟಿಸುವುದು.

(ಚಿಪ್ಪಿನ ವಿಷವೆಲ್ಲ ನರಕ್ಕೇ ಹೋಗುವುದಿಲ್ಲ. ಓಕಡಾಯಿಕ್ ಆಸಿಡ್ ಕರುಳಿನ ಕೋಶಗಳನ್ನು ಕೆಣಕಿ ಭೇದಿ ಮಾಡಿಸುತ್ತದೆ. 1987ರಲ್ಲಿ ಕೆನಡಾದಲ್ಲಿ ಜನರ ನೆನಪಿನ ಶಕ್ತಿಯನ್ನೇ ಕೆಡಿಸಿದ್ದು ಡೊಮೊಯಿಕ್ ಆಸಿಡ್.)

ಕೊನೆಯ ಹೆಜ್ಜೆ ನಿಮ್ಮದು. ಸ್ಯಾಕ್ಸಿಟಾಕ್ಸಿನ್‌ಗೆ ಪ್ರತಿಮದ್ದಿಲ್ಲ. ಆದರೆ ನರಕೋಶ ಸತ್ತಿರುವುದಿಲ್ಲ, ತೂಬಿನ ಬಾಯಿ ಮುಚ್ಚಿರುತ್ತದೆ ಅಷ್ಟೇ. ಬಿರಡೆ ತಾನಾಗೇ ಕಳಚುತ್ತದೆ, ವಿಷ ಮೂತ್ರದಲ್ಲಿ ಹೋಗುತ್ತದೆ. ಅಲ್ಲಿವರೆಗೆ ಬೇಕಾದರೆ ವೆಂಟಿಲೇಟರ್ ಉಸಿರಾಡಿಸುತ್ತದೆ. ಮೊದಲ ದಿನ ದಾಟಿದವರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ಸುಮ್ನೆ ಮಜ್ಜಿಗೆ ಕುಡಿಸಿ ಮಲಗಿಸಬೇಡಿ. ತಿಂದ ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ಲಕ್ಷಣ ಶುರುವಾಗುತ್ತದೆ, ಅಂದರೆ ನೀವಿನ್ನೂ ಘಾಟಿಯಲ್ಲೇ ಇರಬಹುದು. ದಾವಣಗೆರೆ ಬರಲಿ ಅಂತ ಕಾಯಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಮರುವಾಯಿ ತಿಂದಿದ್ದನ್ನು ಮೊದಲು ಹೇಳಿ.